ಬಲಕ್ಕೆ ಬಿದ್ದ ಹೂವು, ನಿಂತಲ್ಲೇ ನಿಲ್ಲುವ ಹಡಗು

...ಬಲಕ್ಕೇ ಬಿತ್ತು ಎಂದು ನನಗೂ ನೆನಪಿದೆ, ಆದರೆ ಆ ನೆನಪು ನನ್ನದಾಗಿರಲು ಸಾಧ್ಯವಿಲ್ಲ. ಹೂವು ಬೀಳುವಾಗ ನಾನು ಗುಡಿಯ ಒಳಗೇ ಇರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಒಂದು ಕಿವಿಗೆ ಮೊಬೈಲು, ಇನ್ನೊಂದಕ್ಕೆ ಬೆರಳು ಒತ್ತಿಕೊಂಡು ನಿಂತಿದ್ದೆ. ಹಾಗಿದ್ದರೂ ಕಣ್ಣು ಮುಚ್ಚಿದರೆ ಕಾಣುತ್ತದೆ: ದೇವಿಯ ಕಪ್ಪು ಕಲ್ಲಿನ ಭುಜ, ಒದ್ದೆ ಕಣಗಿಲೆ, ಅದು ಒಮ್ಮೆ ಅಲುಗಿ ಮೆಲ್ಲಗೆ ಜಾರುವುದು. ಇಷ್ಟು ವರ್ಷ ಮನೆಯವರು ಹೇಳಿ ಹೇಳಿ ನನ್ನ ತಲೆಯೊಳಗೆ ಅಂಟಿಸಿದ ಹೂವು ಅದು. ಬೇವಿನ ಮರ ಇತ್ತೇ ಎಂಬುದೂ ಅನುಮಾನ. ಹುಣಸೆ ಇರಬಹುದು.

ವಿಷಯ ಇಷ್ಟು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಸರಕು ಹಡಗುಗಳಲ್ಲಿ ಚೀಫ್ ಆಫೀಸರ್ ಆಗಿದ್ದೆ, ಅಂದರೆ ಕ್ಯಾಪ್ಟನ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಕ್ಯಾಪ್ಟನ್ ಆಗಲು ಬೇಕಾದ ಪರೀಕ್ಷೆ ಪಾಸಾಗಿತ್ತು, ಕುರ್ಚಿ ಖಾಲಿಯಾಗಬೇಕಿತ್ತು. ಇನ್ನೊಂದು ಸಲ ಹಡಗು ಹತ್ತಿ ಬನ್ನಿ, ನೋಡೋಣ ಎಂದು ಕಂಪನಿಯವರು ಹೇಳುತ್ತಿದ್ದರು. ಹೋದ ಸಲವೂ ಅದನ್ನೇ ಹೇಳಿದ್ದರು. ಅಷ್ಟರಲ್ಲಿ ಮುಂಬೈಯ ಒಂದು ಏಜೆನ್ಸಿಯಿಂದ ಕರೆ ಬಂತು. ಸಮುದ್ರದ ನಡುವೆ ಎಣ್ಣೆ ಬಾವಿ ಕೊರೆಯುವ ಹಡಗಿಗೆ ಆಫೀಸರುಗಳು ಬೇಕಾಗಿದ್ದರು. ಒಂದು ತಿಂಗಳು ಹಡಗು, ಒಂದು ತಿಂಗಳು ಮನೆ. ಸಂಬಳವೂ ವಾಸಿ. ಆದರೆ ಅಲ್ಲಿ ಕೆಳಗಿನ ಹುದ್ದೆಯಿಂದ ಮತ್ತೆ ಶುರು ಮಾಡಬೇಕು, ಕ್ಯಾಪ್ಟನ್ ಕುರ್ಚಿಯನ್ನು ಹೆಚ್ಚುಕಡಿಮೆ ಮರೆಯಬೇಕು. ನಂಜನಗೂಡಿನ ಮನೆಯಲ್ಲಿ ರಜೆಯ ಮೇಲಿದ್ದ ನಾನು ತಿಂಗಳು ಮುಗಿಯುವುದರೊಳಗೆ ಹೌದೋ ಅಲ್ಲವೋ ಹೇಳಬೇಕಿತ್ತು.

ಇದನ್ನು ಒಬ್ಬ ಮನುಷ್ಯ ಒಂದು ಮೂಲೆಯಲ್ಲಿ ಕೂತು ಯೋಚಿಸಿ ತೀರ್ಮಾನಿಸಬಹುದು. ನಮ್ಮ ಮನೆಯಲ್ಲಿ ಆಗುವುದಿಲ್ಲ.

ಮೊದಲು ಅವ್ವನಿಗೆ ವಿವರಿಸಬೇಕಾಯಿತು. ಅವಳು ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಹೀಗೆ ಬರೆದದ್ದು ಕೈರೂಢಿ. ಅದು ಅವರೆಯ ಕಾಲವಲ್ಲ, ಸುಡುವ ಬೇಸಿಗೆ. ಏನೋ ಮಾಡುತ್ತಿದ್ದಳು.

"ಆ ಅಡಗು ಎಲ್ಲಿಗೋಯ್ತದೆ?" ಎಂದಳು.

"ಎಲ್ಲಿಗೂ ಹೋಗಲ್ಲ. ಒಂದೇ ಜಾಗದಲ್ಲಿ ನಿಂತಿರುತ್ತೆ."

"ಲಂಗರು ಆಕಿ?"

"ಲಂಗರು ಇಲ್ಲ, ಅಷ್ಟು ಆಳಕ್ಕೆ ಆಗಲ್ಲ. ಹಡಗಿನ ತಳದಲ್ಲಿ ಫ್ಯಾನುಗಳಿರ್ತವೆ. ಗಾಳಿ ಈ ಕಡೆ ತಳ್ಳಿದ್ರೆ ಅವು ಆ ಕಡೆ ತಳ್ಳುತ್ವೆ. ಎಲ್ಲಾ ಕಂಪ್ಯೂಟ್ರು ಲೆಕ್ಕ ಹಾಕುತ್ತೆ."

"ಎಲ್ಲಾನೂ ಕಂಪ್ಯೂಟ್ರೇ ಮಾಡದಾದ್ರೆ ನೀನೇನ್ಲಾ ಮಾಡೀಯೆ?"

"ಅದನ್ನ ನೋಡ್ಕೋತಾ ಕೂತಿರ್ತೀನಿ."

"ಓಗ್ದೇ ಇರೋ ಅಡಗ್ಗೆ ಒಬ್ಬ ಆಪೀಸರು. ಚೆನ್ನಾಗದೆ."

ನಾನು ರೇಗಿದೆ. ಹಡಗು ಕದಲಿದರೆ ಕೆಳಗಿಳಿಸಿದ ಪೈಪು ಮುರಿಯುತ್ತದೆ, ಬಾವಿಯ ಒತ್ತಡ ಮೇಲೆ ನುಗ್ಗಿದರೆ ಜನ ಸಾಯುತ್ತಾರೆ, ಹೋಗುವುದಕ್ಕಿಂತ ನಿಲ್ಲುವುದು ಕಷ್ಟ ಎಂದೆಲ್ಲ ಹೇಳಿದೆ. ಅವಳ ಚಿಂತೆ ಬೇರೆ ಇತ್ತು. ತೊಂಬತ್ತರ ದಶಕದಲ್ಲಿ ನಾನು ಕೆಡೆಟ್ ಆಗಿ ಹಡಗು ಹತ್ತಿದ ದಿನದಿಂದಲೇ ಅವಳು ನಮ್ಮ ಬೀದಿಯಲ್ಲಿ ಮಗ ಕ್ಯಾಪ್ಟನ್ ಎಂದು ಹೇಳಿಕೊಂಡು ಬಂದಿದ್ದಳು. ನಾನು ಡೆಕ್ಕಿನ ತುಕ್ಕು ಕೆರೆಯುತ್ತಿದ್ದಾಗಲೂ ಬೀದಿಯವರಿಗೆ ಕ್ಯಾಪ್ಟನ್. ಈಗ ನಿಜವಾಗಿ ಆಗುವ ಹೊತ್ತಿಗೆ ಬೇಡ ಎಂದು ಬಿಟ್ಟು ಹೋದರೆ? ಅವಳು ಹಾಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಎರಡನೆಯ ತಲೆನೋವು ಕವಲಂದೆಯ ಚಿಕ್ಕಪ್ಪ. ಅಪ್ಪ ಹೋದ ಮೇಲೆ ನಮ್ಮ ಮನೆಯ ಯಾವ ಸಂಗತಿಗಾದರೂ ಬಸ್ಸು ಹತ್ತಿ ಬಂದು ಕೂರುವುದು ಅವನ ಅಭ್ಯಾಸ. ಸುದ್ದಿ ಅವನನ್ನು ಮುಟ್ಟುವ ಹೊತ್ತಿಗೆ ಬೋರ್‌ವೆಲ್ ಆಗಿತ್ತು.

"ಬೋರ್‌ವೆಲ್ ಲಾರಿಗೆ ಸೇರ್ಕತೀಯಂತಲ್ಲ?"

"ಲಾರಿ ಅಲ್ಲ ಚಿಕ್ಕಪ್ಪ, ಹಡಗು."

"ಎಲ್ಲಾ ಒಂದೇ ಕಣ್ಲಾ. ಪೈಪ್ ಇಳಿಸದು, ಪೈಪ್ ಎತ್ತದು. ಆ ಉಡುಗ್ರು ಲಾರಿ ಮೇಲೇ ಉಣ್ತವೆ, ಲಾರಿ ಮೇಲೇ ಮಲಗ್ತವೆ. ಮೈಯೆಲ್ಲ ಕೆಸರು. ನೀನು ಇಷ್ಟು ಓದ್ಬುಟ್ಟು ಅದ್ಕೋಗ್ತೀನಿ ಅಂತೀಯಲ್ಲ."

"ಕೊರೆಯೋ ಕೆಲಸ ನಂದಲ್ಲ. ಹಡಗನ್ನ ಅಲ್ಲಾಡದಂಗೆ ನಿಲ್ಲಿಸೋದು ನಂದು."

"ಲಾರಿ ಡ್ರೈವರೂ ಅಂಗೇ ಅಂತಾನೆ."

ಇಷ್ಟಕ್ಕೇ ಬಿಡಲಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, ಹೇಗೂ ಆ ವಿದ್ಯೆ ಗೊತ್ತಿದೆಯಲ್ಲ, ನಮ್ಮ ಹೊಲದಲ್ಲಿ ನೀರಿನ ಪಾಯಿಂಟ್ ನೋಡಿಕೊಡು ಎಂದ. ಮರುದಿನ ಕವಲಂದೆಗೆ ಹೋದೆ. ಯಾಕೆ ಹೋದೆನೋ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಾನು ಹೊಲದ ತುಂಬ ನಡೆದೆ ಎಂದು ಚಿಕ್ಕಪ್ಪ ಈಗಲೂ ನೆಂಟರ ಮುಂದೆ ಹೇಳುತ್ತಾನೆ. ನಡೆದಿಲ್ಲ. ಕಾಯಿ ಹಿಡಿದುಕೊಂಡು ನಿಂತದ್ದು ನಿಜ. ನಡೆಯಲಿಲ್ಲ.

ಉಳಿದವಳು ಹೆಂಡತಿ. ಅವಳು ಊರಿನ ಒಂದು ಶಾಲೆಯಲ್ಲಿ ಟೀಚರ್. ತಿಂಗಳು ಬಿಟ್ಟು ತಿಂಗಳು ಮನೆಯಲ್ಲಿರುತ್ತೇನೆ ಎಂದರೆ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನನ್ನ ಇಡೀ ಲೆಕ್ಕಾಚಾರ ಆ ಒಂದು ಊಹೆಯ ಮೇಲೆ ನಿಂತಿತ್ತು.

"ಸರಿ" ಎಂದಳು.

"ಸರಿ ಅಂದ್ರೆ?"

"ಸರಿ ಅಂದ್ರೆ ಸರಿ."

"ನಿನಗೆ ಇಷ್ಟ ಇಲ್ವಾ?"

"ನೋಡ್ರೀ, ನೀವು ಆರು ತಿಂಗ್ಳು ಇರಲ್ಲ ಅಂದ್ರೆ ಮನೆ ಅದರ ಪಾಡಿಗೆ ನಡೀತದೆ. ಬಂದ ಮೊದಲ್ನೇ ವಾರ ಡಬ್ಬಗಳ ಜಾಗ ಎಲ್ಲಾ ಬದಲಾಯಿಸ್ತೀರ. ಹಡಗಲ್ಲಿ ಕಟ್ಟೋ ಹಂಗೆ ಗ್ಯಾಸ್ ಸಿಲಿಂಡರ್ ಯಾಕೆ ಕಟ್ಟಿಲ್ಲ ಅಂತೀರ. ಸಿಲಿಂಡರ್ ಯಾರಾದ್ರೂ ಕಟ್ತಾರಾ? ಅದು ಎಲ್ಲಿಗೆ ಹೋಗ್ತದೆ? ವರ್ಷಕ್ಕೆ ಒಂದೋ ಎರಡೋ ಸಲ ಆದ್ರೆ ತಡ್ಕೋತೀನಿ. ತಿಂಗ್ಳು ಬಿಟ್ಟು ತಿಂಗ್ಳು ಅಂದ್ರೆ, ನೀವು ಯಾವಾಗ್ಲೂ ಆಗತಾನೆ ಬಂದಿರ್ತೀರ."

"ಅಂದ್ರೆ ಬೇಡ ಅಂತೀಯಾ?"

"ಬೇಡ ಅಂದ್ನಾ? ನೀವೇ ಅಂದ್ಕೊಂಡ್ರೆ ನಾನೇನ್ ಮಾಡ್ಲಿ."

ಈ ಮಾತು ಒಂದೇ ಸಂಜೆ ಇಷ್ಟು ಸಲೀಸಾಗಿ ನಡೆದಿರಲಾರದು. ಆ ಬೇಸಿಗೆಯ ಹತ್ತಾರು ತುಂಡು ಮಾತುಗಳು ಈಗ ಸೇರಿಕೊಂಡು ಒಂದಾಗಿವೆ. ಆದರೆ "ಯಾವಾಗ್ಲೂ ಆಗತಾನೆ ಬಂದಿರ್ತೀರ" ಎಂದದ್ದು ಅವಳೇ. ಅಷ್ಟು ಚೆನ್ನಾಗಿ ಚುಚ್ಚಲು ನನಗೆ ಬರುವುದಿಲ್ಲ.

ನನಗೆ ಏನು ಬೇಕಿತ್ತು? ಬಿಸಿಲು ಇಳಿದ ಮೇಲೆ ಕಪಿಲೆಯ ಮೆಟ್ಟಿಲ ಮೇಲೆ ಕೂತು ಅದನ್ನೇ ಕೇಳಿಕೊಳ್ಳುತ್ತಿದ್ದೆ. ಕ್ಯಾಪ್ಟನ್ ಎಂದು ಕರೆಸಿಕೊಳ್ಳಬೇಕಿತ್ತು, ಅದು ನಿಜ. ಮನೆಯಲ್ಲಿ ಇರಬೇಕಿತ್ತು, ಅದೂ ನಿಜ. ಹೊಸ ಬಂದರಿನ ದೀಪ ಕಾಣಿಸುವ ಗಳಿಗೆಯನ್ನು ಬಿಡಲು ಮನಸ್ಸಿರಲಿಲ್ಲ. ಕೊರೆಯುವ ಹಡಗಿಗೆ ಬಂದರಿಲ್ಲ. ಹೆಲಿಕಾಪ್ಟರಿನಲ್ಲಿ ಇಳಿಸುತ್ತಾರೆ, ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಬರುತ್ತಾರೆ. ಒಂದು ದಿನ ಬೇಡ ಅನ್ನಿಸುತ್ತಿತ್ತು, ಮರುದಿನ ಅಷ್ಟೇ ಗಟ್ಟಿಯಾಗಿ ಬೇಕು ಅನ್ನಿಸುತ್ತಿತ್ತು. ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಆಗ ಮಾವ ಬಾಯಿ ಹಾಕಿದರು. ಹೆಂಡತಿಯ ತಂದೆ, ಟಿ. ನರಸೀಪುರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡವರು. ಊರಾಚೆ ಹೊಳೆಯ ದಂಡೆಯಲ್ಲಿ ಅವರ ಮನೆದೇವರ ಗುಡಿ ಇತ್ತು. "ಇಷ್ಟೆಲ್ಲಾ ತಲೆ ಕೆಡಿಸ್ಕೋಬ್ಯಾಡಿ ಅಳಿಯಂದಿರೆ. ಅಮ್ಮನ ಹತ್ರ ಹೂ ಕೇಳ್ಬುಡಾಣ. ಮದುವೆಗೆ ಮುಂಚೆ ನಿಮ್ಮ ವಿಷಯಾನೂ ಕೇಳಿದ್ವಿ."

"ಎಡಕ್ಕೆ ಬಿದ್ದಿದ್ರೆ?"

"ಇನ್ನೊಂದ್ಸಲ ಕೇಳ್ತಿದ್ವಿ."

ಹೂ ಕೇಳುವುದೆಂದರೆ ಸರಳ. ಪೂಜಾರಿ ಒದ್ದೆ ಹೂವುಗಳನ್ನು ಅಮ್ಮನ ಎರಡು ಭುಜಕ್ಕೂ ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲಿ ಕೇಳಿಕೊಂಡು ಕಾಯುತ್ತಾರೆ. ಬಲಗಡೆಯದು ಬಿದ್ದರೆ ಅಮ್ಮ ಒಪ್ಪಿದಳು, ಎಡಗಡೆಯದಾದರೆ ಇಲ್ಲ. ನನಗೆ ನಂಬಿಕೆ ಇತ್ತೇ? ಸಮುದ್ರದಲ್ಲಿ ಗಾಳಿಯ ದಿಕ್ಕು ಅಳೆದು ಬದುಕಿದವನು ನಾನು. ಆದರೂ ಮಂಗಳವಾರ ಬೆಳಿಗ್ಗೆ ಅವ್ವನನ್ನೂ ಹೆಂಡತಿಯನ್ನೂ ಕರೆದುಕೊಂಡು ನರಸೀಪುರದ ಬಸ್ಸು ಹತ್ತಿದೆ. ಯಾರಾದರೂ ತೀರ್ಮಾನ ಮಾಡಿದರೆ ಸಾಕಾಗಿತ್ತು.

ಪೂಜಾರಿ ಹೂವು ಅಂಟಿಸಿ ಪಕ್ಕಕ್ಕೆ ಸರಿದರು. "ಎಲ್ರೂ ಒಳಗೊಳಗೇ ಕೇಳ್ಕಳಿ. ಬಾಯ್ಬಿಟ್ಟು ಏಳ್ಬ್ಯಾಡಿ."

ಎಲ್ಲರೂ ಕೈಮುಗಿದರು. ಒಂದು ಗಳಿಗೆ ನಾನೂ ಮುಗಿದೆ. ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲು ಬಡಿದುಕೊಳ್ಳತೊಡಗಿತು. ಏಜೆನ್ಸಿಯ ಹೆಂಗಸು. ಹೊರಗೆ ಓಡಿದೆ. ಸಿಗ್ನಲ್ ಬರುತ್ತಿತ್ತು, ಹೋಗುತ್ತಿತ್ತು. ಏನು ತೀರ್ಮಾನ ಮಾಡಿದಿರಿ ಎಂದು ಆಕೆ ಹಿಂದಿಯಲ್ಲಿ ಕೇಳಿದಳು. ನಾಳೆ ಹೇಳುತ್ತೇನೆ ಎಂದೆ. ನಾಳೆಯೇ ಕೊನೆ ಎಂದು ಫೋನ್ ಇಟ್ಟಳು.

ಒಳಗೆ ಬಂದರೆ ಎಲ್ಲರ ಮುಖವೂ ಗೆಲುವಾಗಿತ್ತು. ಅದನ್ನು ಮಾತ್ರ ನಾನೇ ಕಂಡದ್ದು.

"ಬಲಕ್ಕಾಯ್ತು ಅಳಿಯಂದಿರೆ" ಎಂದರು ಮಾವ. "ಒಸ ಕೆಲ್ಸಕ್ಕೆ ಸೇರ್ಕಳಿ."

ಹೆಂಡತಿ ಅವರತ್ತ ತಿರುಗಿದಳು. "ಹೊಸದಕ್ಕಾ? ಇವ್ರು ಹಳೇದರಲ್ಲೇ ಇರ್ಬೇಕಾ ಅಂತ ಕೇಳ್ದೆನಲ್ಲ ನಾನು."

"ಯಾಕವ್ವ ಅಂಗ್ ಕೇಳ್ದೆ?"

"ಹೆಂಗ್ ಕೇಳ್ಬೇಕು ಅಂತ ಯಾರೂ ಹೇಳ್ಲಿಲ್ಲವಲ್ಲ."

ನಿಜ, ಯಾರೂ ಹೇಳಿರಲಿಲ್ಲ. ಹಡಗಿನಲ್ಲಿ ಚುಕ್ಕಾಣಿಯವನಿಗೆ ಒಂದು ಆಜ್ಞೆ ಕೊಟ್ಟರೆ ಅವನು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಬೇಕು, ಆಮೇಲೆ ಚಕ್ರ ಮುಟ್ಟಬೇಕು. ಇಲ್ಲಿ ಮೂರು ಜನ ಒಂದೇ ದೇವರ ಮುಂದೆ ಕಣ್ಣು ಮುಚ್ಚಿ ಅವರವರ ಪ್ರಶ್ನೆ ಕೇಳಿದ್ದರು. ಇನ್ನೊಂದು ಸಲ ಕೇಳೋಣ ಎಂದೆ. ಪೂಜಾರಿ ತಲೆಯಾಡಿಸಿದರು. "ಆಗಕಿಲ್ಲ ಸಾ. ಎಡಕ್ಕೆ ಬಿದ್ರೆ ಇನ್ನೊಂದ್ಸಲ ಕೇಳ್ಬೌದು. ಬಲಕ್ಕೆ ಬಿದ್ಮೇಲೆ ಮುಗೀತು. ಒಂದು ಊವಿಗೆ ಒಂದೇ ಮಾತು. ಮನೆಗೆ ಇರೀಕ್ರು ಯಾರು, ಅವ್ರು ಕೇಳಿದ್ದು ಲೆಕ್ಕ."

ಎಲ್ಲರೂ ಅವ್ವನ ಕಡೆ ನೋಡಿದೆವು. ಅವ್ವ ಆ ಹೂವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು.

"ಏಳ್ಬಾರ್ದು" ಎಂದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಅವ್ವನ ಪಕ್ಕದಲ್ಲೇ ಕೂತು ಕೇಳಿದೆ. ಹೆಂಡತಿ ಮುಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿದ್ದಳು, ಕಿವಿ ಮಾತ್ರ ನಮ್ಮ ಕಡೆ.

"ಅವ್ವ, ಹೇಳದಿದ್ರೆ ನಾನೇನು ಮಾಡ್ಲಿ?"

"ಏಳಿದ್ರೆ ಫಲ ಓಯ್ತದೆ ಕಣ್ಲಾ."

"ಹೇಳದಿದ್ರೆ ಫಲ ಏನು ಅಂತ ಹೆಂಗೆ ಗೊತ್ತಾಗ್ಬೇಕು?"

"ನಿಂಗಿಷ್ಟ ಬಂದಂಗೆ ಮಾಡು. ನೀನೇನ್ ಮಾಡೀಯೆ ಅಂತಾನೂ ಅಮ್ಮನಿಗೆ ಗೊತ್ತಿರ್ತದೆ."

ಮರುದಿನ ಹೊಳೆಯ ಮೆಟ್ಟಿಲ ಮೇಲೆ ನಿಂತು ಮುಂಬೈಗೆ ಫೋನ್ ಮಾಡಿ ಹೌದು ಎಂದೆ. ಇಲ್ಲಿ ಒಂದು ಕಾರಣ ಬರೆಯಬೇಕು ಎಂದು ಕೈ ತುರಿಸುತ್ತದೆ. ನದಿ ನೋಡಿ ಏನೋ ಹೊಳೆಯಿತು ಎಂದು ಬರೆಯಬಹುದು. ಹೊಳೆಯಲಿಲ್ಲ. ಬಿಸಿಲಿಗೆ ಮೆಟ್ಟಿಲು ಸುಡುತ್ತಿತ್ತು, ಎಲ್ಲರ ಮೇಲೂ ಸಿಟ್ಟಿತ್ತು, ಆಕೆ ಕೇಳಿದಳು, ಹೌದು ಎಂದೆ.

ಆಮೇಲೆ ಬಹಳ ವರ್ಷ ನಿಂತ ಹಡಗಿನಲ್ಲಿ ಕೂತೆ. ಪರದೆಯ ಮೇಲೆ ಒಂದು ಹಸಿರು ವೃತ್ತ, ನಡುವೆ ಹಡಗಿನ ಚಿತ್ರ. ಅದು ವೃತ್ತದಾಚೆ ಹೋಗದಂತೆ ಕಾಯುವುದು. ಕ್ಯಾಪ್ಟನ್ ಆಗಲಿಲ್ಲ. ಅವ್ವ ಬೀದಿಯಲ್ಲಿ ಒಂದಕ್ಷರವನ್ನೂ ಬದಲಾಯಿಸಲಿಲ್ಲ. ಮೊದಲ ತಿಂಗಳು ಮುಗಿಸಿ ಮನೆಗೆ ಬಂದಾಗ ಗ್ಯಾಸ್ ಸಿಲಿಂಡರನ್ನು ತೆಂಗಿನ ಹಗ್ಗದಲ್ಲಿ ಕಿಟಕಿಯ ಸರಳಿಗೆ ಬಿಗಿದಾಗಿತ್ತು. ಹೆಂಡತಿ ನನ್ನನ್ನು ಸ್ವಾಗತಿಸಿದಳೋ, ಅಣಕಿಸಿದಳೋ, ಕೇಳಲಿಲ್ಲ. ಗಂಟು ತಪ್ಪಾಗಿತ್ತು. ಬಿಚ್ಚಿ ಕಟ್ಟಬೇಕು ಅನ್ನಿಸಿತು. ಬಿಚ್ಚಲಿಲ್ಲ.

ಅವ್ವನನ್ನು ಒಮ್ಮೆ ಮತ್ತೆ ಕೇಳಿದೆ. ಇಷ್ಟು ದಿನ ಆಯಿತಲ್ಲ, ಇನ್ನು ಹೇಳಿದರೆ ಯಾವ ಫಲ ಹೋಗುತ್ತದೆ ಎಂದೆ. "ನನ್ನ ಮಂಡಿನೋವು ವಾಸಿಯಾಯ್ತದಾ ಅಂತ ಕೇಳ್ದೆ ಕಣ್ಲಾ" ಎಂದು ನಕ್ಕಳು. ಮಂಡಿ ವಾಸಿಯಾಗಿರಲಿಲ್ಲ. ಅದು ನಿಜವೋ, ನನ್ನ ಬಾಯಿ ಮುಚ್ಚಿಸಲು ಆಗ ಹುಟ್ಟಿಸಿದ್ದೋ, ಅವಳ ಮುಖದಲ್ಲಿ ಓದಲು ಆಗಲಿಲ್ಲ. ಈಗ ಅವಳಿಲ್ಲ.

ಅವ್ವ ಅಂದು ಏನು ಕೇಳಿದಳು ಎಂಬುದು ನನಗೆ ಗೊತ್ತಿಲ್ಲ. ನಾನು ಕೈಮುಗಿದು ನಿಂತ ಆ ಒಂದು ಗಳಿಗೆಯಲ್ಲಿ ಏನು ಕೇಳಿದೆ ಎಂಬುದೂ ಗೊತ್ತಿಲ್ಲ.