ಕತ್ತಲಕ್ಕನ ಹೊಸ ಯಂತ್ರ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕತ್ತಲಕ್ಕ ಅಂತಲೇ ಕರೆಯುತ್ತಿದ್ದರು. ಎಕ್ಸ್‌ರೇ ವಿಭಾಗದ ಕತ್ತಲೆ ಕೋಣೆಯಲ್ಲಿ, ಒಂದು ಕೆಂಪು ಬಲ್ಬಿನ ಕೆಳಗೆ, ಇಪ್ಪತ್ತಾರು ವರ್ಷ ಫಿಲ್ಮ್ ತೊಳೆದವಳು. ಯಾರ ಪಕ್ಕೆಲುಬು ಮುರಿದಿದೆ ಅನ್ನುವುದು ಡಾಕ್ಟರಿಗಿಂತ ಮೊದಲು ಅವಳಿಗೇ ಗೊತ್ತಾಗುತ್ತಿತ್ತು. ಒಂದು ಬೆಳಿಗ್ಗೆ ಬಂದು ನೋಡಿದರೆ ಆ ಕೋಣೆಗೆ ಟ್ಯೂಬ್‌ಲೈಟ್ ಹಾಕಿ, ಹಳೇ ಹಾಸಿಗೆ ಪೇರಿಸಿದ್ದರು. ಅವಳ ಪಾಲಿಗೆ ಫಿಲ್ಮೇ ಬೇಡದ ಹೊಸ ಯಂತ್ರವೂ ಒಂದು ಕಂಪ್ಯೂಟರೂ ಬಂದಿದ್ದವು.

ಕಲಿಸಲು ಕಂಪನಿಯಿಂದ ಒಬ್ಬ ಹುಡುಗಿ ಬಂದಳು. "ತುಂಬಾ ಸುಲಭ ಆಂಟಿ, ಇಲ್ಲೊತ್ತಿ, ಇಲ್ಲೊತ್ತಿ, ಮುಗೀತು" ಅಂತ ರೆಪ್ಪೆ ಬಡಿಯುವಷ್ಟರಲ್ಲಿ ಎಂಟು ಕಡೆ ಒತ್ತಿ ತೋರಿಸಿದಳು. ಆಂಟಿ ಅಂದದ್ದಕ್ಕೋ, ಸುಲಭ ಅಂದದ್ದಕ್ಕೋ, ಕತ್ತಲಕ್ಕನಿಗೆ ಮೈಯೆಲ್ಲ ಉರಿಯಿತು. ಎರಡೇ ದಿನಕ್ಕೆ ತರಬೇತಿ ಮುಗಿಯಿತು.

ಮೂರನೇ ದಿನ ಪಾಸ್‌ವರ್ಡ್ ಮೂರು ಸಲ ತಪ್ಪಿ ಕಂಪ್ಯೂಟರ್ ಮುಷ್ಕರ ಹೂಡಿತು. ಬೆಂಚಿನ ಮೇಲೆ ಕೂತವರು ಗೊಣಗತೊಡಗಿದರು. ಅದು ತೆರೆದುಕೊಂಡ ಮೇಲೆ, ಆ ಗಡಿಬಿಡಿಯಲ್ಲಿ, ಕೆಮ್ಮುವ ಮುದುಕರೊಬ್ಬರ ಚಿತ್ರ ಸರದಿಯಲ್ಲಿ ಅವರ ಹಿಂದೆ ನಿಂತಿದ್ದ ಹುಡುಗಿಯ ಹೆಸರಿಗೆ ಹೋಗಿಬಿಟ್ಟಿತು.

"ಏನಮ್ಮ ಇದು? ಹದಿನೆಂಟರ ಹುಡುಗಿಗೆ ಎಪ್ಪತ್ತರ ಎದೆ!" ಡಾಕ್ಟರಮ್ಮ ಎಲ್ಲರೆದುರೇ ಕೂಗಿದರು.

"ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಫಿಲ್ಮ್ ಅದಲುಬದಲಾಗಿಲ್ಲ ಮೇಡಂ" ಅನ್ನಬೇಕೆಂದುಕೊಂಡಳು. ಅನ್ನದೆ ಮುದುಕರ ಹೆಸರು ಹುಡುಕಲು ಕೂತಳು.

ಮನೆಯಲ್ಲಿ ಗಂಡ, "ರಾಜೀನಾಮೆ ಅವರ ಮುಖಕ್ಕೆ ಎಸೆದು ಬಾ" ಅಂದ.

"ಎಸೆಯೋದೇನು ಕಷ್ಟ ರೀ? ಕಲಿಯೋಕೆ ಬರಲಿಲ್ಲ ಅನ್ನಿಸಿಕೊಂಡು ಮಾತ್ರ ಎಸೆಯಲ್ಲ" ಅಂತ ಸಿಡುಕಿದಳು.

ಮಾರನೆಯ ದಿನದಿಂದ ಒಂದು ಗಂಟೆ ಮೊದಲೇ ಹೋಗತೊಡಗಿದಳು. ರೋಗಿಗಳಿಲ್ಲದ ಹೊತ್ತಲ್ಲಿ ತನ್ನ ಛತ್ರಿಯನ್ನೇ ಮೇಜಿನ ಮೇಲೆ ಮಲಗಿಸಿದಳು. ಹೆಸರು ಛತ್ರಿ, ವಯಸ್ಸು ಐದು. ಆಮೇಲೆ ಊಟದ ಡಬ್ಬಿ, ಎಡ ಚಪ್ಪಲಿ, ಬಲ ಚಪ್ಪಲಿ. ತಪ್ಪಿದಾಗೆಲ್ಲ ಯಂತ್ರಕ್ಕೆ ಬಾಯಿತುಂಬ ಬೈದಳು. ಹನ್ನೆರಡನೇ ದಿನಕ್ಕೆ ಬೆರಳುಗಳು ತಾವಾಗಿಯೇ ದಾರಿ ಹಿಡಿದವು.

ಅಷ್ಟರಲ್ಲಿ ಆಫೀಸಿನಿಂದ ನೋಟೀಸ್ ಬಂತು. ಛತ್ರಿ ಎಂಬ ರೋಗಿಗೆ ಏಳು ಸಲ ಎಕ್ಸ್‌ರೇ ತೆಗೆದದ್ದು ಏಕೆ, ಲಿಖಿತ ಉತ್ತರ ಕೊಡಿ! ಕಲಿಯಲಿಲ್ಲ ಅಂತ ಬೈಗುಳ, ಕಲಿತರೆ ನೋಟೀಸು. ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ, ಮುಕ್ಕಾಲು ಗಂಟೆ ಕೂತು ಉತ್ತರ ತಾನೇ ಟೈಪ್ ಮಾಡಿದಳು: "ರೋಗಿಗಳ ಮೇಲೆ ಕಲಿಯುವುದು ಬೇಡವೆಂದು ಛತ್ರಿಯ ಮೇಲೆ ಕಲಿತೆ."

ಡಾಕ್ಟರಮ್ಮ ಓದಿದರು. ನಗಲೂ ಇಲ್ಲ, ಕ್ಷಮೆ ಕೇಳಲೂ ಇಲ್ಲ. ಸಹಿ ಹಾಕಿ, "ನಾಳೆಯಿಂದ ಎರಡೂ ಪಾಳಿಯವರಿಗೆ ನೀವೇ ಕಲಿಸಿ" ಅಂದರು. ಸಂಬಳದ ಮಾತೂ ಇಲ್ಲ, ರಜೆಯ ಮಾತೂ ಇಲ್ಲ.

ಆಮೇಲೆ ಒಂದು ಚಿತ್ರವೂ ಅದಲುಬದಲಾಗಲಿಲ್ಲ. "ಈಗ ಸರಿಹೋಯ್ತಲ್ಲ?" ಅಂತ ಗಂಡ ಕೇಳಿದರೆ ಕತ್ತಲಕ್ಕ ಮುಖ ಗಂಟಿಕ್ಕಿಕೊಂಡೇ ಹೇಳಿದಳು: "ಯಂತ್ರ ನಡೆಸೋಕೆ ಬರುತ್ತೆ. ಆದ್ರೆ ನನಗದು ಇಷ್ಟ ಇಲ್ಲ."