ಸೀರಿಯಸ್ ಅದಾರ, ಬರ್ರಿ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಆಗಾಗ ಎತ್ತುತ್ತಿದ್ದ ಇಂಗ್ಲಿಷ್ ಪದ 'ವಿತ್‌ಹೋಲ್ಡ್'. ತಡೆಹಿಡಿಯುವುದು ಎಂದರೆ ಅದರ ಅರ್ಥ ಪೂರ್ತಿಯಾಗುವುದಿಲ್ಲ. ಪರೀಕ್ಷೆಯ ಫಲಿತಾಂಶ 'ವಿತ್‌ಹೆಲ್ಡ್' ಎಂದು ಬಂದರೆ ಫಲಿತಾಂಶವೇ ಇಲ್ಲವೆಂದಲ್ಲ. ಇದೆ, ಇನ್ನೊಬ್ಬರ ಕೈಯಲ್ಲಿದೆ, ನಿಮಗೆ ಸೇರಬೇಕಾದದ್ದನ್ನೇ ನಿಮಗೆ ಕೊಡುತ್ತಿಲ್ಲ. ನಿಮ್ಮ ಸಿಟ್ಟನ್ನು ನೀವೇ ನುಂಗಿಕೊಂಡರೆ ಅದಕ್ಕೆ ಬೇರೆ ಪದವಿದೆ.

ನಮ್ಮ ಕಡೆ ಸಾವಿನ ಸುದ್ದಿಯನ್ನು ಹೀಗೇ ತಡೆಹಿಡಿಯುತ್ತಾರೆ. ಹತ್ತಿರದವರಿಗೆ ಫೋನಿನಲ್ಲಿ ಯಾರೂ 'ತೀರಿಕೊಂಡರು' ಎನ್ನುವುದಿಲ್ಲ. 'ಸೀರಿಯಸ್ ಅದಾರ, ಬರ್ರಿ' ಎನ್ನುತ್ತಾರೆ. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಮರುಪ್ರಶ್ನೆ ಹಾಕುವಂತಿಲ್ಲ.

ಹೋದ ಬೇಸಿಗೆಯಲ್ಲಿ ನಿಪ್ಪಾಣಿಯ ನಮ್ಮ ಮನೆಗೆ ಆ ಫೋನ್ ಬಂತು. ಆಯಿಯ, ಅಂದರೆ ಅಪ್ಪನ ತಾಯಿಯ, ಒಬ್ಬನೇ ತಮ್ಮ, ನಾನು ಅಜ್ಜ ಎನ್ನುವವರು, ಅಂಕಲಿಯಲ್ಲಿದ್ದರು. ಹಿಂದಿನ ದಿನ ಅವರನ್ನು ಚಿಕ್ಕೋಡಿಯ ದವಾಖಾನೆಗೆ ಸೇರಿಸಿದ್ದರು. ಈಗ ಅವರ ಮಗ, "ಸೀರಿಯಸ್ ಅದಾರ. ಚಿಕ್ಕೋಡಿಗೆ ಬಂದು ಫೋನ್ ಮಾಡ್ರಿ" ಎಂದರು. ಆಯಿ ಅಳಲಿಲ್ಲ. ಟ್ರಂಕಿನಿಂದ ಹೊಸ ಬಿಳಿ ಧೋತರ ತೆಗೆದು ಚೀಲಕ್ಕೆ ಹಾಕಿಕೊಂಡು ಕಾರಿನಲ್ಲಿ ಕೂತಳು. ಆ ಧೋತರ ಹೆಣದ ಮೇಲೆ ಹೊದಿಸಲು.

"ಅಪ್ಪಾ, ಅಜ್ಜ ಅದಾರೋ ಇಲ್ಲೋ, ಒಂದ ಮಾತ ಕೇಳು," ಎಂದೆ.

"ಹಂಗ ಕೇಳಬಾರದು."

"ಯಾಕ? ಆಯಿ ತಮ್ಮನ ಸುದ್ದಿ ಆಯಿಗೇ ಗೊತ್ತಾಗಬಾರದೇನು?"

"ನಿನ್ನ ಡಿಬೇಟ್ ಕಾಲೇಜಿನಾಗ ಇಟಗೋ ಬೇ."

ನಾನೇ ಅಜ್ಜನ ಮಗನಿಗೆ ಫೋನ್ ಹಚ್ಚಿದೆ. "ಮಾಮಾ, ಅಜ್ಜ ಹೆಂಗದಾರ?" ಆ ಕಡೆ ಗದ್ದಲ. "ಮೊದಲ ನೀವು ಬರ್ರಿ," ಎಂದು ಇಟ್ಟುಬಿಟ್ಟರು.

"ಏನಂದ?" ಆಯಿ ಕೇಳಿದಳು.

"ಬರ್ರಿ ಅಂದ್ರು."

"ಹೂಂ," ಎಂದು ಚೀಲವನ್ನು ಎದೆಗೆ ಒತ್ತಿಕೊಂಡಳು.

ಚಿಕ್ಕೋಡಿ ಹತ್ತಿರವಾದಂತೆ ನನ್ನ ವಾದಗಳೆಲ್ಲ ಒಂದೇ ಪ್ರಶ್ನೆಗೆ ಬಂದು ನಿಂತವು: ಕಾರು ದವಾಖಾನೆಗೆ ತಿರುಗುತ್ತದೋ, ಹೆಣ ಮನೆಗೆ ಒಯ್ದಾಗಿದೆಯೆಂದು ಅಂಕಲಿಯ ರಸ್ತೆ ಹಿಡಿಯುತ್ತದೋ? ಅಪ್ಪ ಕಾರು ನಿಲ್ಲಿಸಿ, ಇಳಿದು, ನಮಗೆ ಬೆನ್ನು ಹಾಕಿ ಫೋನಿನಲ್ಲಿ ಮಾತಾಡಿದರು. ಆಯಿ ಆ ಬೆನ್ನನ್ನೇ ನೋಡುತ್ತಿದ್ದಳು. ಬಂದು ಕೂತವರು, "ದವಾಖಾನಿಗೆ ಹೋಗೂಣು. ನಿನ್ನ ತಮ್ಮ ಮಾತಾಡಾಕತ್ತಾನಂತ," ಎಂದರು.

"ಸುಳ್ಳ ಹೇಳಬ್ಯಾಡ," ಎಂದಳು ಆಯಿ. "ಹೆಣಾ ಒಯ್ಯಾಕ ಕರದಿರಬೇಕು."

"ಖರೇನ ಅವ್ವಾ."

"ನಿಮ್ಮಪ್ಪ ಸತ್ತಾಗೂ ಖರೇನ ಅಂದಿದ್ದಿ."

ಅಪ್ಪ ಕಾರನ್ನು ದವಾಖಾನೆಯತ್ತ ತಿರುಗಿಸಿದರು. ನಿಜ ಹೇಳಿದರೂ ನಂಬುವಂತಿರಲಿಲ್ಲ.

ವಾರ್ಡಿನಲ್ಲಿ ಅಜ್ಜ ದಿಂಬಿಗೊರಗಿ ಕೂತಿದ್ದರು, ಮೂಗಿನಲ್ಲಿ ನಳಿಕೆ. ಆಯಿ ಬಾಗಿಲಲ್ಲೇ ನಿಂತಳು. ಆಮೇಲೆ ಹತ್ತಿರ ಹೋಗಿ ಅವರ ಕಾಲು ಮುಟ್ಟಿ ನೋಡಿದಳು. ಬೆಚ್ಚಗಿರಬೇಕು, ಅಲ್ಲೇ ಮಂಚದ ತುದಿಯಲ್ಲಿ ಕುಸಿದಳು. ಚೀಲ ಜಾರಿತು, ಧೋತರದ ಮಡಿಕೆ ಹೊರಬಂತು.

"ಏನ ತಂದಿ ಅಕ್ಕಾ?"

ಆಯಿ ಮಡಿಕೆಯನ್ನು ಒಳಗೆ ತಳ್ಳಲು ಹೋದಳು. ಅಜ್ಜ ನನ್ನತ್ತ ತಿರುಗಿದರು. "ನೀ ಭಾಷಣ ಮಾಡಾಕಿ, ನೀನ ಹೇಳು. ಯಾರಿಗಿ ತಂದಾಳ?"

ನನ್ನದೇ ವ್ಯಾಖ್ಯಾನದ ಪ್ರಕಾರ ಉತ್ತರ ಅವರಿಗೆ ಸೇರಬೇಕಾದದ್ದು. ಆಯಿ ನನ್ನ ಮುಖ ನೋಡುತ್ತಿದ್ದಳು.

"ನಿಮಗ, ಅಜ್ಜಾ. ಹಬ್ಬಕ್ಕ ಉಡಾಕ."

ಅಜ್ಜ ಆ ಬಿಳಿ ಬಟ್ಟೆಯ ಮೇಲೆ ಕೈಯಾಡಿಸಿದರು. ಯಾವ ಹಬ್ಬ ಎಂದು ಕೇಳಲಿಲ್ಲ.