ಅಣ್ಣ ಹಿಡಿಯದ ಕನ್ನಡಿ

ಸೇತುವೆ ಪಕ್ಕದ ಸಲೂನಿನಲ್ಲಿ ಎರಡು ಕುರ್ಚಿ, ಇಬ್ಬರು ಅಣ್ಣತಮ್ಮಂದಿರು. ಅಣ್ಣನಿಗೆ ಮಾತೆಂದರೆ ಆಗದು, ತಮ್ಮನಿಗೆ ಮಾತಿಲ್ಲದೆ ಆಗದು. ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತುವಷ್ಟರಲ್ಲಿ ತಮ್ಮ ಎರಡು ಸಲವಾದರೂ ‘ಯಾಕೆ’ ಎಂದಿರುತ್ತಿದ್ದ. ಹಾಗಾಗಿ ಬೀದಿಯವರು ಅವನಿಗೆ ‘ಯಾಕಣ್ಣ’ ಎಂದೇ ಹೆಸರಿಟ್ಟುಬಿಟ್ಟಿದ್ದರು. ಐವತ್ತು ದಾಟಿದ ಮೇಲೂ ಆ ಹೆಸರಿಗೆ ಅವನೇನೂ ಮೋಸ ಮಾಡಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕುತೂಹಲ ಅವನಿಗೆ ಗಾಯದ ಕಲೆಗಳ ಮೇಲೆ. ಊರಲ್ಲಿ ಎಷ್ಟು ಗಂಭೀರವಾಗಿ ತಿರುಗಾಡುವ ತಲೆಯಾದರೂ ಸರಿ, ಕೂದಲು ಸರಿಸಿದರೆ ಒಳಗೊಂದು ಕಲೆ ಇದ್ದೇ ಇರುತ್ತದೆ. “ಇದು ಯಾವಾಗಿನದು ಸಾರ್?” ಎಂದು ಶುರುಮಾಡಿದನೆಂದರೆ, ಕಥೆ ಹೊರಗೆ ಬರುವವರೆಗೂ ಬಿಡುತ್ತಿರಲಿಲ್ಲ. ಹೆಡ್‌ಮಾಸ್ತರು ಮರದಿಂದ ಬಿದ್ದದ್ದು, ಬ್ಯಾಂಕಿನವರಿಗೆ ತಂಗಿಯೇ ಲೋಟ ಎಸೆದದ್ದು, ಎಲ್ಲ ಅವನಿಗೆ ಗೊತ್ತು. ಕೇಳದೆ ಉಳಿಸಿದ್ದು ಒಂದೇ ಒಂದು ಕಲೆಯ ವಿಷಯ. ಅದು ಅವನದೇ ಕುತ್ತಿಗೆಯ ಹಿಂದೆ ಇತ್ತು.

ಅದರ ಕಥೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಅಪ್ಪನ ಕಾಲದಲ್ಲಿ, ಅಣ್ಣ ಆಗತಾನೇ ರೇಜರ್ ಹಿಡಿಯಲು ಕಲಿಯುತ್ತಿದ್ದ. ಕಲಿಯಲು ಒಂದು ಕುತ್ತಿಗೆ ಬೇಕಲ್ಲ, ತಮ್ಮನನ್ನೇ ಕೂರಿಸಿಕೊಂಡ. ಬಾಗಿಲಲ್ಲಿ ಯಾರೋ ನಕ್ಕರು. ಇವನು ಸುಮ್ಮನಿರುವ ಜಾತಿಯೇ? “ಯಾರದು?” ಎಂದು ಗಕ್ಕನೆ ತಿರುಗಿದ. ತಪ್ಪು ತಿರುಗಿದವನದೇ ಎಂದು ಅಪ್ಪ ಆಗಲೇ ಹೇಳಿದರು, ಇವನೂ ಒಪ್ಪಿಕೊಂಡ. ಅಣ್ಣ ಮಾತ್ರ ಒಪ್ಪಲಿಲ್ಲ. ಗಾಯ ಬೇಗ ಒಣಗಿತು, ಆದರೆ ಕಲೆ ಗಾಯದ ಗಡಿ ದಾಟಿ ಉಬ್ಬುತ್ತಲೇ ಹೋಯಿತು. ಅಂದಿನಿಂದ ಅಣ್ಣ ರೇಜರ್ ಮುಟ್ಟಲಿಲ್ಲ. ಕತ್ತರಿ ಕೆಲಸವೆಲ್ಲ ಅವನದು, ಗಡ್ಡವೆಲ್ಲ ತಮ್ಮನದು. ಗಿರಾಕಿಗಳು ಇದನ್ನು ಅಂಗಡಿಯ ಪದ್ಧತಿ ಎಂದೇ ತಿಳಿದಿದ್ದರು.

ತಮ್ಮನ ಕೂದಲು ಕತ್ತರಿಸುವುದೂ ಅಣ್ಣನೇ. ಹಿಂದೆ ಮಾತ್ರ ಕಾಲರ್ ಮುಚ್ಚುವಷ್ಟು ಉದ್ದ ಬಿಡುತ್ತಿದ್ದ. ಕೆಲಸ ಮುಗಿದಾಗ ಕೈಗನ್ನಡಿ ಹಿಡಿದು ತಲೆಯ ಹಿಂಭಾಗ ತೋರಿಸಿ “ಸರಿಯಾಗಿದೆಯಾ?” ಎಂದು ಕೇಳುವುದು ಎಲ್ಲ ಸಲೂನಿನಲ್ಲೂ ಇರುವ ರೂಢಿ. ಅಣ್ಣ ಎಲ್ಲರಿಗೂ ತೋರಿಸುತ್ತಿದ್ದ, ತಮ್ಮನಿಗೆ ಮಾತ್ರ ಇಲ್ಲ. ಮದುವೆಯಾದ ಹೊಸದರಲ್ಲಿ ಇವನೇ ಒಮ್ಮೆ ಕನ್ನಡಿ ಎತ್ತಿಕೊಂಡಿದ್ದ. ಅಣ್ಣ ಅದನ್ನು ಕೈಯಿಂದ ತೆಗೆದುಕೊಂಡು, ಒರೆಸಿ, ಮೊಳೆಗೆ ನೇತುಹಾಕಿದ. ಆ ಮುಖ ನೋಡಿದ ಮೇಲೆ ಇವನು ತನ್ನ ಕಲೆಯನ್ನು ನೋಡುವ ಆಸೆಯನ್ನೇ ಬಿಟ್ಟ.

ಈಚೆಗೆ ಅದು ತುರಿಸತೊಡಗಿತು, ಕಾಲರ್ ತಾಗಿದರೆ ಉರಿ. ಸಲೂನಿನಲ್ಲಿ ತುರಿಸಿಕೊಂಡರೆ ಕೇಳಬೇಕೇ, ಕೂತವರೆಲ್ಲ ವೈದ್ಯರು! ಒಬ್ಬ ಜೇನುತುಪ್ಪ ಎಂದ, ಇನ್ನೊಬ್ಬ ಟೂತ್‌ಪೇಸ್ಟ್ ಎಂದ. ಪಕ್ಕದ ಎಲೆಕ್ಟ್ರಿಷಿಯನ್ ಈರುಳ್ಳಿ ರಸ ಎಂದ. ಎಲ್ಲವನ್ನೂ ಮಾಡಿ ನೋಡುವ ಚಪಲ ಇವನಿಗೆ. ಈರುಳ್ಳಿ ಹಚ್ಚಿಕೊಂಡ ದಿನ ಗಡ್ಡಕ್ಕೆ ಕೂತವರೆಲ್ಲ ಕಣ್ಣೀರು ಸುರಿಸಿದರು. ಸಲಹೆ ಕೊಟ್ಟ ಮಹಾಶಯನೇ ಬಾಗಿಲಲ್ಲಿ ನಿಂತು, “ಯಾಕಣ್ಣಾ, ಯಾರು ಹೋಗ್ಬಿಟ್ರು?” ಎಂದ. ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ತಮ್ಮನ ಕೈ ಕುತ್ತಿಗೆಗೆ ಹೋದಾಗಲೆಲ್ಲ ಅಣ್ಣನ ಕತ್ತರಿ ನಿಂತುಬಿಡುತ್ತಿತ್ತು. ತುರಿಕೆಯನ್ನಾದರೂ ಸಹಿಸಬಹುದಿತ್ತು, ಆ ಕತ್ತರಿ ನಿಲ್ಲುವುದನ್ನು ಯಾಕಣ್ಣನಿಗೆ ಸಹಿಸಲಾಗಲಿಲ್ಲ. ಈ ಹಾಳು ಕಲೆಯನ್ನು ಬುಡಸಮೇತ ಕೀಳಿಸಿದರೆ ಅಣ್ಣ ಮತ್ತೆ ಮನುಷ್ಯನಾಗುತ್ತಾನೆ ಎಂದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದ.

ಡಾಕ್ಟರಮ್ಮ ಕೂದಲೆತ್ತಿ ನೋಡಿ, ಬೆರಳಿಂದ ಒತ್ತಿದರು.

“ಕೊಯ್ದು ಬಿಸಾಕಿ ಡಾಕ್ಟ್ರೇ.”

“ಇದನ್ನ ಕೀಲಾಯ್ಡ್ ಅಂತೀವಿ. ಬರೀ ಕೊಯ್ದು ತೆಗೆದ್ರೆ ಮತ್ತೆ ಬರಬಹುದು, ಮೊದಲಿಗಿಂತ ದೊಡ್ಡದಾಗಿ.”

“ಯಾಕೆ?”

“ಕೆಲವರ ಚರ್ಮಕ್ಕೆ ಗಾಯ ಮುಚ್ಚಿದ ಮೇಲೆ ನಿಲ್ಲಿಸೋದು ಗೊತ್ತಾಗಲ್ಲ. ದುಡೀತಾನೇ ಇರುತ್ತೆ.”

ಯಾಕಣ್ಣನಿಗೆ ಭಾರಿ ಖುಷಿಯಾಯಿತು. ತನ್ನ ನಾಲಿಗೆಯಂಥದೇ ಚರ್ಮ! “ಹಾಗಾದ್ರೆ ಲೇಸರ್ರು? ಮುಲಾಮು? ನಮ್ಮ ಬೀದಿ ಟೈಲರ್ ಕೈಮೇಲಿನ ಸುಟ್ಟ ಕಲೆಗೆ ಏನೋ ಹಚ್ಚಿ ತೆಳು ಮಾಡಿದ್ರಂತಲ್ಲ?”

“ಅವರ ಕಲೆ ಬೇರೆ, ನಿಮ್ಮದು ಬೇರೆ. ತಗ್ಗಾದ ಕಲೆಗೆ ಒಂದು ದಾರಿ, ಉಬ್ಬಿದ್ದಕ್ಕೆ ಇನ್ನೊಂದು. ನಿಮಗೆ ಮೊದಲು ಕಲೆಯೊಳಗೇ ಇಂಜೆಕ್ಷನ್ ಕೊಡ್ತೀನಿ, ಕೆಲವು ವಾರಕ್ಕೊಮ್ಮೆ. ನಡುವೆ ಸಿಲಿಕಾನ್ ಪಟ್ಟಿ ಅಂಟಿಸ್ಕೊಂಡಿರಬೇಕು. ಅದಕ್ಕೆ ಬಗ್ಗಲಿಲ್ಲ ಅಂದ್ರೆ ಕಲೆಯನ್ನ ಮಂಜಿನ ಹಾಗೆ ಹೆಪ್ಪುಗಟ್ಟಿಸೋದು, ಲೇಸರು, ಆಪರೇಷನ್ನು, ಎಲ್ಲ ಆಮೇಲಿನ ಮಾತು.”

“ಪೂರ್ತಿ ಹೋಗುತ್ತಾ?”

“ಇಲ್ಲ. ಸುಳ್ಳು ಹೇಳಲ್ಲ. ತಗ್ಗುತ್ತೆ, ಮೆತ್ತಗಾಗುತ್ತೆ, ತುರಿಕೆ ಕಡಿಮೆಯಾಗಬಹುದು. ಗುರುತು ಇರುತ್ತೆ.”

ಯಾಕಣ್ಣನ ಮುಖ ಸಪ್ಪಗಾಯಿತು. ಗುರುತು ಉಳಿದರೆ ಅಣ್ಣ ಅದನ್ನೇ ನೋಡುತ್ತಾನಲ್ಲ! ಆದರೂ ಮೊದಲ ಇಂಜೆಕ್ಷನ್ ಚುಚ್ಚಿಸಿಕೊಂಡ. ಅಬ್ಬಾ, ಜೀವ ಬಾಯಿಗೆ ಬಂತು. ಹೊರಡುವಾಗ ಡಾಕ್ಟರಮ್ಮ ಪಟ್ಟಿ ಕೊಟ್ಟು, “ಕಲೆಯ ಸುತ್ತ ಕೂದಲಿದ್ರೆ ಇದು ಅಂಟಲ್ಲ, ನುಣ್ಣಗೆ ತೆಗೀಬೇಕು. ಆದ್ರೆ ಹುಷಾರು, ಗೀರು ಬಿದ್ರೆ ನಿಮ್ಮ ಚರ್ಮ ಅಲ್ಲೂ ಹೀಗೇ ಉಬ್ಬಬಹುದು. ನಮ್ಮ ನರ್ಸ್ ಮಾಡಿಕೊಡ್ತಾರೆ,” ಎಂದರು.

“ಬೇಡಮ್ಮ. ನನ್ನ ತಲೆಗೆ ನಮ್ಮಣ್ಣ ಬಿಟ್ಟು ಬೇರೆಯವರು ಕೈ ಹಾಕಿಲ್ಲ,” ಎಂದುಬಿಟ್ಟ. ಬೀದಿಗೆ ಇಳಿದ ಮೇಲೆ ಅವನಿಗೇ ಹೆದರಿಕೆಯಾಯಿತು.

ಅಂಗಡಿಗೆ ಬಂದು ಎಲ್ಲವನ್ನೂ ಹೇಳಿದ, ಗೀರಿನ ಮಾತನ್ನೂ ಮುಚ್ಚಿಡಲಿಲ್ಲ. ಅಣ್ಣ ಕೇಳಿಸಿಕೊಂಡ. ಕತ್ತರಿ ಕೆಳಗಿಟ್ಟ.

“ನಿನಗೇನು ತಲೆ ಕೆಟ್ಟಿದೆಯಾ? ಅಲ್ಲೇ ಮಾಡಿಸ್ಕೊಂಡು ಬರಬೇಕಿತ್ತು.”

“ನೀನು ಮಾಡದಿದ್ರೆ ಪಟ್ಟಿಯೂ ಬೇಡ, ಇಂಜೆಕ್ಷನ್ನೂ ಬೇಡ. ಸಾಯೋತನಕ ತುರಿಸ್ಕೊಂಡೇ ಇರ್ತೀನಿ, ನೀನು ನೋಡ್ತಾನೇ ಇರು.”

ಅಣ್ಣ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಸೇತುವೆಯ ಕಂಬಿ ಹಿಡಿದು ನಿಂತಿದ್ದು ಅಂಗಡಿಯಿಂದಲೇ ಕಾಣುತ್ತಿತ್ತು. ಅಂತೂ ತಿರುಗಿ ಬಂದವನು ಬಾಗಿಲ ಚಿಲಕ ಹಾಕಿದ, ಸೋಪು ಹಚ್ಚಿ ಕೈ ತೊಳೆದ, ರೇಜರಿಗೆ ಹೊಸ ಬ್ಲೇಡು ಏರಿಸಿದ.

“ಕೂತ್ಕೋ. ತಿರುಗಬೇಡ.”

ಮೊದಲು ಉದ್ದ ಕೂದಲು ಹೋಯಿತು. ಆಮೇಲೆ ನೊರೆ. ಆಮೇಲೆ ತಣ್ಣನೆಯ ಅಲಗು ಕಿವಿಯ ಹಿಂದಿನಿಂದ ಇಳಿದು ಬಂತು. ಅಣ್ಣನ ಉಸಿರು ಕುತ್ತಿಗೆಗೆ ತಾಗುತ್ತಿತ್ತು, ಅದು ತುಂಡುತುಂಡಾಗಿ ಬರುತ್ತಿತ್ತು. ಅಲಗು ಕಲೆಯ ಅಂಚಿಗೆ ಬಂದಾಗ ಯಾರೋ ಬಾಗಿಲು ದಡದಡ ಬಡಿದರು.

“ಯಾಕಣ್ಣಾ! ಇದೀಯೇನೋ? ಏನು ಮಾಡ್ತಿದ್ದೀರೋ ಒಳಗೆ?”

ಅಯ್ಯೋ ದೇವರೇ, ಬಾಗಿಲತ್ತ ತಿರುಗದೆ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ಬೇರೆ ಇರಲಿಲ್ಲ. ತುಟಿ ಕಚ್ಚಿಕೊಂಡ, ಕುರ್ಚಿಯ ಕೈ ಬಿಗಿಯಾಗಿ ಹಿಡಿದ, ಹುಟ್ಟಿದಾರಭ್ಯ ಕೂತಿರದಷ್ಟು ನೆಟ್ಟಗೆ ಕೂತ. ಅಲಗು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಕಲೆಯನ್ನು ಬಳಸಿಕೊಂಡು ಮತ್ತೆ ಹೊರಟಿತು.

ಅಣ್ಣ ಒದ್ದೆ ಬಟ್ಟೆಯಿಂದ ಒರೆಸಿದ, ಬಗ್ಗಿ ನೋಡಿದ, ಮತ್ತೆ ಒರೆಸಿದ. ಎಲ್ಲೂ ಒಂದು ಗೀರಿಲ್ಲ. ಪಟ್ಟಿ ಅಂಟಿಸುವ ಮೊದಲು ಮೊಳೆಯಿಂದ ಕೈಗನ್ನಡಿ ತೆಗೆದು ತಮ್ಮನ ತಲೆಯ ಹಿಂದೆ ಹಿಡಿದ.

“ಸರಿಯಾಗಿದೆಯಾ?”

ಯಾಕಣ್ಣ ನೋಡಿದ. ಅಣ್ಣನ ಮುಖ ನೋಡಿ ನೋಡಿ, ಬೆರಳಿಗೆ ಸಿಕ್ಕಿದ್ದಕ್ಕಿಂತ ದೊಡ್ಡದು, ಅಂಗೈ ಅಗಲ ಇರಬೇಕು ಎಂದುಕೊಂಡಿದ್ದ. ಅದು ಬಾದಾಮಿಯಷ್ಟಿತ್ತು, ಸ್ವಲ್ಪ ಕೆಂಪು, ಸ್ವಲ್ಪ ಹೊಳಪು.

“ಇಷ್ಟೇನಾ ಅಣ್ಣ? ಇಷ್ಟಕ್ಕೆ ಇಷ್ಟು ವರ್ಷ ಕನ್ನಡಿ ಹಿಡೀಲಿಲ್ವಾ ನೀನು?”

“ನನಗೆ ಇನ್ನೂ ದೊಡ್ಡದಾಗಿ ಕಾಣ್ತಿತ್ತು ಕಣೋ,” ಎಂದ ಅಣ್ಣ. ಕನ್ನಡಿಯನ್ನು ಮತ್ತೆ ಮೊಳೆಗೆ ನೇತುಹಾಕಿದ.

ಪಟ್ಟಿ ಅಂಟಿಸಿ, ಕಣ್ಣು ಒರೆಸಿಕೊಂಡು, ಅಣ್ಣನೇ ಹೋಗಿ ಚಿಲಕ ತೆಗೆದ. ಎಲೆಕ್ಟ್ರಿಷಿಯನ್ ಗೊಣಗುತ್ತ ಒಳಗೆ ಬಂದು, ಎಂದಿನಂತೆ ಗಡ್ಡಕ್ಕೆಂದು ತಮ್ಮನ ಕುರ್ಚಿಯತ್ತ ನಡೆದ.

“ಅಲ್ಲಿ ಬೇಡ,” ಎಂದ ಅಣ್ಣ, ರೇಜರ್ ಎತ್ತಿಕೊಂಡು ತನ್ನ ಕುರ್ಚಿಯ ಮೇಲಿನ ಬಟ್ಟೆ ಕೊಡವುತ್ತ. “ಈ ಕಡೆ ಬನ್ನಿ.”

ಎಲೆಕ್ಟ್ರಿಷಿಯನ್ ಒಮ್ಮೆ ಅಣ್ಣನನ್ನೂ ಇನ್ನೊಮ್ಮೆ ಅವನ ಕೈಯಲ್ಲಿದ್ದ ರೇಜರನ್ನೂ ನೋಡಿ, “ಯಾಕೆ?” ಎಂದು ಯಾಕಣ್ಣನನ್ನೇ ಕೇಳಿದ. ಯಾಕಣ್ಣ ಪೊರಕೆ ತೆಗೆದುಕೊಂಡು, ಕೆಳಗೆ ಬಿದ್ದಿದ್ದ ತನ್ನ ಉದ್ದ ಕೂದಲನ್ನು ಗುಡಿಸತೊಡಗಿದ.